ಭಟ್ಟಿಯ ಬಾಯಿಗೆ ಕಂಬಳಿ

ಕಾರ್ಖಾನೆಯ ಸಾವುಕಾರ ಅಣವೀರಪ್ಪ ಗೋಣಿಚೀಲದಿಂದ ಒಡೆದ ಚೂರಿಗಳನ್ನು ಒಂದೊಂದಾಗಿ ತೆಗೆದು, ಸದ್ದಾಗದ ಹಾಗೆ ಮೇಜಿನ ಮೇಲಿಟ್ಟ. ಹೊರಗಿದ್ದ ಆಳುಗಳಿಗೆ ಕೇಳಿಸಬಾರದೆಂಬ ಎಚ್ಚರ ಅವನದು. ಎದುರಿಗೆ ನಿಂತಿದ್ದ ಕಾಶಿರಾಯನಿಗೆ ಅದು ತಿಳಿಯಿತು, ತಿಳಿದು ಕಸಿವಿಸಿ ಇನ್ನಷ್ಟು ಹೆಚ್ಚಿತು. ಬೈದಿದ್ದರೆ ತಿರುಗಿ ಒಂದು ಮಾತಾದರೂ ಆಡಬಹುದಿತ್ತು.

"ಹನ್ನೊಂದು," ಎಂದ ಅಣವೀರಪ್ಪ. "ಗಿರಣಿಯವರು ಯಂತ್ರಕ್ಕ ಕೂಡಿಸಿ ಪರೀಕ್ಷಾಕ್ಕ ತಿರುವ್ಯಾರ. ಅರ್ಧ ತಾಸು ತಡೀಲಿಲ್ಲ. ಎಲ್ಲಾದರ ಮ್ಯಾಲೂ ನಿನ್ನ ಗುರುತೇ ಅದ, ಕಾಶಿರಾಯಣ್ಣ."

ಹತ್ತಿಯಿಂದ ಬೀಜ ಬಿಡಿಸುವ ಯಂತ್ರಗಳಿಗೆ ಬೇಕಾದ ಉಕ್ಕಿನ ಚೂರಿಗಳು ಅವು. ಒಂದು ಮೊಳ ಉದ್ದ, ಮೂರು ಬೆರಳು ಅಗಲ. ಹಗಲು ಭಟ್ಟಿಯಲ್ಲಿ ಕಾಯಿಸಿ ಹದ ಹಾಕಿದ ಚೂರಿಗೆ ಮೂರು ಚುಕ್ಕಿಯ ಗುರುತು, ಅದು ಕಾಶಿರಾಯನದು. ರಾತ್ರಿಪಾಳಿಯ ವಹಾಬನದು ಒಂದು ಅಡ್ಡಗೀರು. ಮೇಜಿನ ಮೇಲೆ ಒಂದೂ ಅಡ್ಡಗೀರು ಇರಲಿಲ್ಲ.

ಕಾಶಿರಾಯ ಒಂದು ತುಂಡನ್ನು ಎತ್ತಿ ಮುರಿದ ಮುಖ ನೋಡಿದ. ಹದವಾದ ಉಕ್ಕು ಮುರಿದರೆ ಒಳಗೆ ನುಣ್ಣನೆಯ ಜೋಳದ ಹಿಟ್ಟಿನ ಹಾಗೆ ಇರಬೇಕು. ಇಲ್ಲಿ ದಪ್ಪ ರವೆ ಮಿನುಗುತ್ತಿತ್ತು. ಅಂದರೆ ಬೆಂಕಿ ಹೆಚ್ಚಾಗಿದೆ. ಬೆಂಕಿ ಹೆಚ್ಚಾದರೆ ಬಣ್ಣ ಹೇಳುತ್ತದೆ. ಬಣ್ಣ ಹೇಳಿದ್ದು ತನ್ನ ಕಣ್ಣಿಗೆ ಕಾಣಲಿಲ್ಲ ಎಂದಾಯಿತು.

"ಶಾಖ ಅಳಿಯೋ ಮೀಟರಿಗೆ ಮುಂಬೈಗೆ ಬರದೀನಿ. ಅದು ಬರೋದು ದೀಪಾವಳಿ ಆದಮ್ಯಾಲ. ಅಷ್ಟೊತ್ತಿಗೆ ಗಿರಣಿ ಶುರುವಾಗ್ತಾವ." ಅಣವೀರಪ್ಪ ತುಂಡುಗಳನ್ನು ಮತ್ತೆ ಚೀಲಕ್ಕೆ ತುಂಬಿದ. "ಸೋಮವಾರ ದವಾಖಾನಿಗೆ ಹೋಗಿ ಕಣ್ಣು ತೋರಿಸ್ಕೊಂಡು ಬಾ. ನಾ ಟಾಂಗಾ ಹೇಳಿರ್ತೀನಿ. ಕಣ್ಣಾಗ ಏನರ ಬಂದಿದ್ರ, ವಹಾಬ ಹಗಲಪಾಳಿಗೆ ಬರ್ಲಿ. ನೀ ಭಟ್ಟಿ ಬಾಲದ ಕಡೆ ಚೂರಿ ಇಡೋದು ನೋಡ್ಕೊ. ಅಲ್ಲಿ ಧಗಿನೂ ಇರಂಗಿಲ್ಲ."

"ಹೌದ್ರಿ," ಎಂದ ಕಾಶಿರಾಯ. ಅವನ ಬಲಗೈ ಚಕ್ರ ಹಿಡಿದಂತೆ ಗಾಳಿಯಲ್ಲೇ ಅರ್ಧ ಸುತ್ತು ತಿರುಗಿತು.

ಕಪನೂರಿನ ಹಾದಿಯ ಆ ಕಾರ್ಖಾನೆಯಲ್ಲಿ ಇದ್ದ ಭಟ್ಟಿಗೆ ಊರವರು ನಡೆಯುವ ಭಟ್ಟಿ ಎನ್ನುತ್ತಿದ್ದರು. ನಡೆಯುತ್ತಿದ್ದದ್ದು ಭಟ್ಟಿಯಲ್ಲ, ಅದರ ಹೊಟ್ಟೆಯೊಳಗಿನ ಸರಪಳಿ. ಸಾಲಾಗಿ ನಿಲ್ಲಿಸಿದ ನಾಲ್ಕು ಬಂಡಿಗಳಷ್ಟು ಉದ್ದದ ಇಟ್ಟಿಗೆ ಗೂಡು. ಬಾಲದ ಕಡೆ ತಣ್ಣನೆಯ ಚೂರಿಗಳನ್ನು ಸರಪಳಿಯ ಮೇಲೆ ಮಲಗಿಸಬೇಕು. ಎಂಜಿನ್ನು ಸರಪಳಿಯನ್ನು ಇರುವೆಯ ನಡಿಗೆಯಲ್ಲಿ ಎಳೆಯುತ್ತದೆ. ಬಾಯಿಯ ಕಡೆ ಚೂರಿಗಳು ಕೆಂಪಾಗಿ ಹೊರಬಂದು, ತಾವಾಗಿಯೇ ಕೆಳಗಿನ ಎಣ್ಣೆಯ ತೊಟ್ಟಿಗೆ ಬೀಳುತ್ತವೆ. ಬಾಯಿಯ ಪಕ್ಕದಲ್ಲಿ ಒಂದು ಸ್ಟೂಲು, ಒಂದು ಕೈಚಕ್ರ. ಸ್ಟೂಲಿನ ಮೇಲೆ ಕೂತವನು ಬಣ್ಣ ನೋಡುತ್ತಿರಬೇಕು. ಕೆಂಪು ಮಂಕಾದರೆ ಚಕ್ರ ಎಡಕ್ಕೆ, ಸರಪಳಿ ನಿಧಾನ. ಕೆಂಪು ಏರಿದರೆ ಚಕ್ರ ಬಲಕ್ಕೆ, ಸರಪಳಿ ಚುರುಕು. ಒಂದು ಚೂರಿ ಬೀಳುವ ಹೊತ್ತಿಗೆ ಹಿಂದೆ ಇನ್ನೊಂದು ಬಂದಿರುತ್ತದೆ. ಕಣ್ಣು ಮುಚ್ಚಿ ಒಂದು ಆಕಳಿಕೆ ತೆಗೆಯಲೂ ಬಿಡುವಿಲ್ಲ. ಆ ಸ್ಟೂಲಿನ ಮೇಲೆ ಕಾಶಿರಾಯ ನಾಲ್ಕು ವರ್ಷ ಕೂತಿದ್ದ.

ಅದೇ ದಿನ, ಗುರುವಾರ ಸಂಜೆ, ಪಾಳಿ ಬದಲಾಗುವಾಗ ವಹಾಬ ಅವನ ಹತ್ತಿರ ಬಂದ. ವಹಾಬನಿಗೆ ಮೂವತ್ತು ದಾಟಿರಲಿಲ್ಲ. ಬಣ್ಣ ನೋಡುವುದನ್ನು ಕಾಶಿರಾಯನೇ ಕಲಿಸಿದ್ದ.

"ಕಾಕಾ, ಒಂದು ಮಾತು. ನಿಮ್ಮ ಅರ್ಧದಷ್ಟು ಚೂರಿಗೆ ನನ್ನ ಗುರುತು ಹಾಕ್ತೀನಿ. ಇನ್ನ ಮುರದ್ರ ಇಬ್ಬರದೂ ಮುರೀತಾವ. ಆಗ ಕಬ್ಬಿಣಾನೇ ಸರಿ ಇಲ್ಲ ಅಂತಾರ."

"ನಿನ್ನ ಭಿಕ್ಷಾ ಬ್ಯಾಡೋ ನನಗ!"

ದನಿ ಏರಿದ್ದು ಕಾಶಿರಾಯನಿಗೇ ಕೇಳಿಸಿತು. ಕಲ್ಲಿದ್ದಲು ಹಾಕುತ್ತಿದ್ದ ದೇವೀಂದ್ರಪ್ಪ ಸಲಿಕೆ ನಿಲ್ಲಿಸಿ ನೋಡಿದ. ಕಾಶಿರಾಯನ ರುಮಾಲು ಗೂಟದಿಂದ ಕೆಳಗೆ ಬಿದ್ದಿತ್ತು. ವಹಾಬ ಅದನ್ನೆತ್ತಿ, ಮಸಿ ಕೊಡವಿ, ಕೈಗೆ ಕೊಟ್ಟು ಸ್ಟೂಲಿನ ಕಡೆ ಹೋದ.

ಶುಕ್ರವಾರ ರಜೆ. ನಿಜಾಮರ ರಾಜ್ಯದಲ್ಲಿ ಕಚೇರಿ, ಶಾಲೆ, ಕಾರ್ಖಾನೆ ಎಲ್ಲಕ್ಕೂ ಅದೇ ವಾರದ ಬಿಡುವು. ಕಾಶಿರಾಯ ಎಂದಿನಂತೆ ಹುಮನಾಬಾದಿನ ಮೋಟಾರು ಹತ್ತಿ ಕಮಲಾಪುರಕ್ಕೆ ಹೊರಟ. ದಸರೆ ಮುಗಿದು ವಾರವಾಗಿತ್ತು. ಮೂರು ತಿಂಗಳು ಕವಿದಿದ್ದ ಮೋಡ ಹರಿದು ಆಕಾಶ ತೊಳೆದಿಟ್ಟಂತಿತ್ತು. ಅವನು ಕಿಟಕಿಯಿಂದ ಹೊರಗೆ ನೋಡುತ್ತ ತನ್ನ ಕಣ್ಣನ್ನು ಪರೀಕ್ಷಿಸುತ್ತಲೇ ಇದ್ದ. ದೂರದ ಗುಡ್ಡದ ಮೇಲಿನ ಮೇಕೆಗಳು ಏಳು. ತೊಗರಿ ಹೊಲದ ಅಂಚಿನಲ್ಲಿ ನಡೆಯುತ್ತಿದ್ದ ಹೆಂಗಸಿನ ಸೀರೆಯ ದಡಿ ಹಸಿರು. ಎಡಗಣ್ಣು ಮುಚ್ಚಿ ನೋಡಿದ. ಬಲಗಣ್ಣು ಮುಚ್ಚಿ ನೋಡಿದ. ಎದುರಿಗೆ ಕೂತಿದ್ದ ಮುದುಕಿ ಸೆರಗು ಸರಿಪಡಿಸಿಕೊಂಡು ಮುಖ ತಿರುಗಿಸಿದಳು. ಅವನಿಗೆ ನಾಚಿಕೆಯಾಗಿ ಎರಡೂ ಕಣ್ಣು ಮುಚ್ಚಿಬಿಟ್ಟ.

ಹೆಂಡತಿ ಅನ್ನಮ್ಮ ಕಮಲಾಪುರದಲ್ಲಿಯೇ ಇದ್ದು ತವರಿನವರು ಕೊಟ್ಟ ಎರಡು ಎಕರೆ ಹೊಲ ನೋಡಿಕೊಳ್ಳುತ್ತಿದ್ದಳು. ಮನೆಯ ಪಕ್ಕಕ್ಕೆ ತಮ್ಮ ಅಮೋಘಪ್ಪನ ಕುಲುಮೆ. ತಂದೆಯ ಕಾಲದಿಂದ ಬಂದದ್ದು. ಕಾಶಿರಾಯನೂ ಕೈ ಕಲಿತದ್ದು ಅಲ್ಲಿಯೇ.

ಅನ್ನಮ್ಮ ಅವನ ಮುಂದೆ ಒಂದು ಕೆಂಪು ಬಾಳೆಹಣ್ಣು ಇಟ್ಟು ನೀರು ತರಲು ಹೋದಳು. ತಿರುಗಿ ಬಂದಾಗ ಅವನು ಹಣ್ಣನ್ನು ಕಣ್ಣಿನ ಹತ್ತಿರ ಹಿಡಿದು, ದೂರ ಹಿಡಿದು, ಒಂದು ಕಡೆ ಹೊರಳಿಸಿ ಇನ್ನೊಂದು ಕಡೆ ಹೊರಳಿಸಿ ನೋಡುತ್ತಿದ್ದ.

"ತಿನ್ರಿ ಅಂತ ಕೊಟ್ಟೀನಿ. ಬೀಗರ ಮನೀಗೆ ಕನ್ಯಾ ನೋಡಾಕ ಬಂದಂಗ ಮಾಡಾಕತ್ತೀರಲ್ಲ."

"ಇದು ಕೆಂಪು ಅದನೋ ಇಲ್ಲೋ?"

"ಅಯ್ಯ, ಕಮಲಾಪುರದ ಬಾಳಿಹಣ್ಣು ಕೆಂಪು ಇಲ್ದ ಬೆಳ್ಳಗಿರ್ತಾವೇನ್ರಿ?"

ಅವನು ನಗಲಿಲ್ಲ. ಅವಳು ಹೊಲಿಯುತ್ತಿದ್ದ ಕೌದಿಯ ಸೂಜಿ ತೆಗೆದುಕೊಂಡು ದಾರ ಪೋಣಿಸಿದ. ಹೊರಗೆಳೆದ. ಮತ್ತೆ ಪೋಣಿಸಿದ. ಐದನೆಯ ಸಲ ಅನ್ನಮ್ಮ ಸೂಜಿ ಕಸಿದುಕೊಂಡಳು.

"ಏನಾಗ್ಯಾದ ಹೇಳ್ರಿ. ಬಂದಾಗಿಂದ ನೋಡಾಕತ್ತೀನಿ, ಬಲಗೈ ಸುಮ್ನ ಕೂಡವಲ್ದು."

ಅವನು ಹೇಳಿದ. ಮುರಿದ ಹನ್ನೊಂದು ಚೂರಿ, ಸೋಮವಾರದ ದವಾಖಾನೆ, ಬಾಲದ ಕಡೆಯ ಕೆಲಸ. ಅನ್ನಮ್ಮ ಪೂರಾ ಕೇಳಿದಳು.

"ಬಾಲದ ಕಡೆ ಕೆಲಸ ಕೊಟ್ರ ಏನಾತು? ಊಟಕ್ಕ ಕಡಿಮಿ ಇಲ್ಲಲ್ಲ. ಈ ಬೆಂಕೀನೂ ತಪ್ತದ."

"ಅಲ್ಲಿ ತಣ್ಣನ ಕಬ್ಬಿಣ ಇಡೋದು. ಅದಕ್ಕ ಕಣ್ಣೂ ಬೇಕಿಲ್ಲ, ಕಾಶಿರಾಯನೂ ಬೇಕಿಲ್ಲ. ನಮ್ಮಪ್ಪ ನನಗ ಹೊಲ ಕೊಡಲಿಲ್ಲ, ಮನಿ ಕೊಡಲಿಲ್ಲ, ಈ ಕೆಂಪು ತೋರಿಸಿ ಹ್ವಾದ. ಅದೊಂದು ಹೋದ್ರ ನಂದೇನದ?"

ಅನ್ನಮ್ಮ ಹಣ್ಣಿನ ಸಿಪ್ಪೆ ಸುಲಿದು ಅವನ ಕೈಗಿಟ್ಟಳು. "ಇದರ ಬಣ್ಣ ಸಾಕು. ರುಚಿ ನೋಡ್ರಿ. ಆಮ್ಯಾಲ ತಮ್ಮನ ಕಡೆ ಹೋಗ್ರಿ, ನಾ ಅಲ್ಲೇ ರೊಟ್ಟಿ ತರ್ತೀನಿ."

ಕುಲುಮೆಗೆ ಒಂದೇ ಬಾಗಿಲು, ತಲೆ ಬಗ್ಗಿಸಿ ಹೋಗುವಂಥದು. ಕಿಟಕಿಯಿಲ್ಲ. ಅಮೋಘಪ್ಪ ಒಂದು ಕುಡಗೋಲನ್ನು ಬೆಂಕಿಗಿಟ್ಟು ತಿದಿ ಒತ್ತುತ್ತಿದ್ದ. ಅಣ್ಣನನ್ನು ಒಳಗೆ ಕರೆದವನೇ ಕದ ಮುಚ್ಚಿ ಒಳಗಿನಿಂದ ಕಲ್ಲು ಒತ್ತಿಟ್ಟ. ಹದ ಹಾಕುವಾಗ ಕದ ಮುಚ್ಚುವುದು ಆ ಮನೆತನದ ರೂಢಿ. ಕಾದ ಕಬ್ಬಿಣಕ್ಕೆ ದೃಷ್ಟಿ ತಾಗಿದರೆ ಬಿರುಕು ಬಿಡುತ್ತದೆ ಎಂದು ತಂದೆ ಹೇಳುತ್ತಿದ್ದ, ಅವನಿಗೆ ಅವನ ತಂದೆ ಹೇಳಿದ್ದ.

ಕಾರ್ಖಾನೆಗೆ ಹೋದ ಮೇಲೆ ಕಾಶಿರಾಯ ಈ ಮಾತಿಗೆ ನಗುತ್ತಿದ್ದ. ಹೋದ ವೈಶಾಖದಲ್ಲಿ ದೇವೀಂದ್ರಪ್ಪ ಧಗೆಗೆ ಎಚ್ಚರ ತಪ್ಪಿ ಬಿದ್ದಿದ್ದ. ದಿನವೂ ಬ್ರಹ್ಮಪುರದ ಮನೆಯಿಂದ ಆಳುಗಳಿಗೆ ಮಜ್ಜಿಗೆ ತರಿಸುತ್ತಿದ್ದ ಅಣವೀರಪ್ಪನ ತಾಯಿ ಶಿವಕಾಂತಮ್ಮನವರು ಅದನ್ನು ಕಣ್ಣಾರೆ ನೋಡಿ, ಭಟ್ಟಿಯ ಬಾಯಿಯ ಮೇಲಿದ್ದ ಚಾವಣಿಯ ಮೂರು ತಗಡು ತೆಗೆಸಿ, ಎರಡು ಕಡೆ ಗಾಜು ಹಾಕಿಸಿ, ಒಂದು ಕಡೆ ಬಿಸಿಗಾಳಿ ಹೋಗಲು ಬಯಲು ಬಿಡಿಸಿದ್ದರು. ಅಂದು ವಹಾಬ ಕೇಳಿದ್ದ, ನಿಮ್ಮ ಊರಲ್ಲಿ ಬಾಗಿಲು ಮುಚ್ಚುತ್ತಾರಂತಲ್ಲ ಕಾಕಾ ಎಂದು. ಕಾಶಿರಾಯ, ಕಾರ್ಖಾನೆಯ ಕಬ್ಬಿಣಕ್ಕೆ ಯಾರ ದೃಷ್ಟಿ ತಾಗುತ್ತದೋ ಎಂದು ನಕ್ಕಿದ್ದ.

ಈಗ ಅಮೋಘಪ್ಪನ ಕುಡಗೋಲು ಕತ್ತಲಲ್ಲಿ ಕೆಂಪೇರುತ್ತಿತ್ತು. ಕಾಶಿರಾಯ ನೋಡಿದ. ಮೊದಲು ಒಣಗಿದ ರಕ್ತದಂಥ ಕೆಂಪು, ಆಮೇಲೆ ಅಪ್ಪ ತೋರಿಸಿದ ಕೆಂಪು. ತನಗೆ ಅದು ಸ್ಪಷ್ಟವಾಗಿ ಕಾಣುತ್ತಿದೆಯಲ್ಲ. ಹಾಗಾದರೆ ಅಲ್ಲಿ ಏನಾಯಿತು?

"ಬಂತು," ಎಂದ ಅವನು. "ಬಂತು," ಎಂದ ಅಮೋಘಪ್ಪನೂ, ಅದೇ ಗಳಿಗೆಗೆ. ಇಕ್ಕಳ ಹಾಕಲು ಕೈ ನೀಡಿದ.

ಅಷ್ಟರಲ್ಲಿ ಕಲ್ಲು ಸರಿದು ಕದ ತೆರೆಯಿತು. ಅನ್ನಮ್ಮ ರೊಟ್ಟಿಯ ಬುಟ್ಟಿ ಹಿಡಿದು ನಿಂತಿದ್ದಳು. ಮಧ್ಯಾಹ್ನದ ಬಿಸಿಲು ಅವಳ ಹಿಂದಿನಿಂದ ನೇರ ಒಲೆಯ ಮೇಲೆ ಬಿತ್ತು.

"ಅತ್ತಿಗಿ, ಬಾಗಿಲಾ! ದೃಷ್ಟಿ ತಾಗ್ತದ!"

"ನನ್ನ ದೃಷ್ಟಿಗೆ ಕಬ್ಬಿಣ ಮುರಿಯೋದಿದ್ರ ನಿಮ್ಮಣ್ಣ ಎಂದೋ ಎರಡು ತುಂಡಾಗಿರ್ತಿದ್ದ," ಎಂದು ಅನ್ನಮ್ಮ ಕದ ಎಳೆದುಕೊಳ್ಳಲು ಹೋದಳು.

"ತಡಿ!" ಎಂದ ಕಾಶಿರಾಯ.

ಅವನು ಕುಡಗೋಲನ್ನೇ ನೋಡುತ್ತಿದ್ದ. ಬಿಸಿಲು ಬಿದ್ದ ಕೂಡಲೇ ಅದರ ಕೆಂಪು ಕುಸಿದಿತ್ತು. ಬೆಂಕಿಯಿಂದ ಯಾರೂ ಅದನ್ನು ತೆಗೆದಿರಲಿಲ್ಲ, ಆದರೂ ಅರ್ಧ ಆರಿದ ಕಬ್ಬಿಣದಂತೆ ಮಂಕಾಗಿ ಬಿದ್ದಿತ್ತು.

"ಮುಚ್ಚ."

ಅವಳು ಮುಚ್ಚಿದಳು. ಕೆಂಪು ಎದ್ದು ಬಂತು.

"ತಗಿ."

ಕೆಂಪು ಇಳಿಯಿತು.

"ಮುಚ್ಚ. ತಗಿ. ಮತ್ತ ಮುಚ್ಚ."

"ಅಣ್ಣ, ನನ್ನ ಕುಡಗೋಲು ಹಾಳಾಗಾಕತ್ತದ!" ಎಂದು ಅಮೋಘಪ್ಪ ಕೂಗಿದ.

"ಇನ್ನೊಂದು ಮಾಡಿ ಕೊಡ್ತೀನೋ, ಸುಮ್ನಿರು. ತಗಿ ಅನ್ನಮ್ಮ."

ಮದುವೆಯಾಗಿ ಇಪ್ಪತ್ತೆಂಟು ವರ್ಷಗಳಲ್ಲಿ ಅವನು ಅವಳನ್ನು ಹೆಸರು ಹಿಡಿದು ಕರೆದದ್ದು ಅಪರೂಪ. ಅನ್ನಮ್ಮ ಬುಟ್ಟಿಯನ್ನು ಸೊಂಟಕ್ಕೇರಿಸಿಕೊಂಡು, ಅವನು ಸಾಕೆನ್ನುವ ತನಕ ಕದ ತೆರೆದು ಮುಚ್ಚಿ ಮಾಡಿದಳು.

ಕೊನೆಗೆ ಕಾಶಿರಾಯ ನೆಲದ ಮೇಲೆ ಕುಕ್ಕರಿಸಿದ. ಎಲ್ಲವೂ ಒಂದಾದ ಮೇಲೊಂದರಂತೆ ಹೊಂದಿಕೊಳ್ಳುತ್ತಿತ್ತು. ಗಾಜು ಹಾಕಿಸಿದ ತಿಂಗಳೇ ಭಟ್ಟಿಯನ್ನು ದುರಸ್ತಿಗೆ ನಿಲ್ಲಿಸಿದ್ದರು. ಅದನ್ನು ಮತ್ತೆ ಹೊತ್ತಿಸಿದ್ದು ಶ್ರಾವಣದಲ್ಲಿ. ಆಗ ಮೋಡ. ಮೋಡದ ಕೆಳಗೆ ಚೂರಿಗಳು ಚೆನ್ನಾಗಿ ಬಂದವು. ದಸರೆಗೆ ಬಿಸಿಲು ಬಿತ್ತು, ಗಾಜಿನಿಂದ ಬೆಳಕು ನೇರ ಭಟ್ಟಿಯ ಬಾಯಿಗೆ ಇಳಿಯಿತು. ಕೆಂಪು ಮಂಕಾಗಿದೆಯೆಂದು ತಾನು ಚಕ್ರ ಎಡಕ್ಕೆ ತಿರುಗಿಸಿದ, ಸರಪಳಿ ನಿಧಾನವಾಯಿತು, ಉಕ್ಕು ಸುಟ್ಟಿತು. ರಾತ್ರಿ ಕೂರುವ ವಹಾಬನಿಗೆ ಬಿಸಿಲೇ ಇಲ್ಲ. ಅಪ್ಪ ದೃಷ್ಟಿ ಎಂದದ್ದು ನೋಡುವವರ ಕಣ್ಣಿನ ಮಾತಾಗಿರಲಿಲ್ಲ. ಯಾವ ಕಾಲದಲ್ಲೋ ಯಾರೋ ಒಬ್ಬ ಹಿರಿಯ ಕತ್ತಲೆಯ ಬೆಲೆ ಅರಿತು ಬಾಗಿಲು ಮುಚ್ಚಿದ್ದ. ಕಾರಣ ಮರೆತುಹೋಗಿ ಕದ ಮಾತ್ರ ಉಳಿದಿತ್ತು. ತಾನು ಆ ಕದವನ್ನೂ ತೆಗೆದು ನಕ್ಕಿದ್ದ.

"ಕಣ್ಣು ಸರಿ ಅದಾವ," ಎಂದ. ಅನ್ನಮ್ಮ ಬುಟ್ಟಿ ಇಳಿಸಿ ರೊಟ್ಟಿ ಬಡಿಸಿದಳು. ಅಮೋಘಪ್ಪ ಹಾಳಾದ ಕುಡಗೋಲನ್ನು ಮೂಲೆಗೆಸೆದು, ಅಣ್ಣನ ರೊಟ್ಟಿಯ ಮೇಲೆ ತನ್ನ ಪಾಲಿನ ಬೆಣ್ಣೆಯನ್ನೂ ಇಟ್ಟ.

ತಿರುಗಿ ಬರುವ ಮೋಟಾರಿನಲ್ಲಿ ಸಮಾಧಾನ ಇರಬೇಕಿತ್ತು. ಇರಲಿಲ್ಲ. ಇದನ್ನು ಹೇಳುವುದು ಹೇಗೆ? ಚೂರಿ ಮುರಿದದ್ದು ನಿಮ್ಮ ತಾಯಿ ಹಾಕಿಸಿದ ಗಾಜಿನಿಂದ ಎಂದು ಹೇಳಬೇಕು. ಕೇಳಿದವರು, ಕಣ್ಣು ಹೋದವನು ನೆಪ ಹುಡುಕುತ್ತಾನೆ ಎಂದುಕೊಂಡರೆ? ಗಾಜು ತೆಗೆಸಿ ಮತ್ತೆ ತಗಡು ಹೊದಿಸಿದರೆ ದೇವೀಂದ್ರಪ್ಪ ಮತ್ತೆ ಬೀಳುತ್ತಾನೆ. ಕಪನೂರು ಬರುವ ತನಕ ಅವನ ಕೈ ಗಾಳಿಯಲ್ಲಿ ಎಡಕ್ಕೂ ಬಲಕ್ಕೂ ತಿರುಗುತ್ತಲೇ ಇತ್ತು.

ಶುಕ್ರವಾರ ರಾತ್ರಿಯೇ ಭಟ್ಟಿ ಮತ್ತೆ ಹೊತ್ತಿತ್ತು. ಶನಿವಾರ ನಸುಕಿಗೆ ಪಾಳಿ ಬದಲಾಗುವಾಗ ಅವನು ಮೊದಲು ವಹಾಬನನ್ನು ಕರೆದ.

"ಮೊನ್ನಿ ಅಂದದ್ದು ಮನಸಿನ್ಯಾಗ ಇಟ್ಕೋಬ್ಯಾಡಪಾ."

"ಯಾವ್ದು ಕಾಕಾ? ನನಗ ನೆನಪೇ ಇಲ್ಲ," ಎಂದ ವಹಾಬ. ನೆನಪಿದೆ ಎಂದು ಇಬ್ಬರಿಗೂ ಗೊತ್ತಿತ್ತು. ಕಾಶಿರಾಯ ಕುಲುಮೆಯ ಕದದ ಕತೆ ಹೇಳಿದ. ವಹಾಬ ಮನೆಗೆ ಹೋಗದೆ ಅಲ್ಲಿಯೇ ಬೆಂಚಿನ ಮೇಲೆ ಒರಗಿದ. "ಮಧ್ಯಾಹ್ನ ಬಿಸಿಲು ಬರ್ಲಿ, ಎಬ್ಬಿಸ್ರಿ."

ಮಧ್ಯಾಹ್ನ ಮಜ್ಜಿಗೆಯ ಕೊಡದೊಂದಿಗೆ ಶಿವಕಾಂತಮ್ಮನವರು ಬಂದರು. ಹಿಂದೆ ಅಣವೀರಪ್ಪ. ಕಾಶಿರಾಯ ಸ್ಟೂಲಿನಿಂದ ಎದ್ದು, ತನ್ನ ರುಮಾಲಿನಿಂದ ಅದನ್ನು ಒರೆಸಿದ.

"ಅವ್ವಾರ, ಒಂದೀಟು ಇಲ್ಲಿ ಕೂಡ್ರಿ."

"ನಾನೇನು ಹದ ಹಾಕ್ಲಾ?" ಎಂದು ನಗುತ್ತಲೇ ಅವರು ಕೂತರು.

"ಈಗ ಬಾಯಾಗ ಇರೋ ಚೂರಿ ಯಾವ ಬಣ್ಣ ಅದ್ರಿ?"

"ಕೆಂಪು. ಹಣ್ಣಾದ ಬಾರಿಹಣ್ಣಿನಂಗ."

ಕಾಶಿರಾಯ ಕಣ್ಸನ್ನೆ ಮಾಡಿದ. ವಹಾಬ ಮತ್ತು ದೇವೀಂದ್ರಪ್ಪ ಒಂದು ಕರಿ ಕಂಬಳಿಯ ತುದಿ ಹಿಡಿದು ಅವರ ತಲೆಯ ಮೇಲೆ, ಭಟ್ಟಿಯ ಬಾಯಿಗೆ ಅಡ್ಡವಾಗಿ ಎತ್ತಿದರು. ಬೆಳಕು ಮುಚ್ಚಿತು.

"ಅಯ್ಯ!" ಎಂದರು ಶಿವಕಾಂತಮ್ಮನವರು. "ಇದು ಬ್ಯಾರೆ ಚೂರಿ. ಕುಂಬಳಹೂವಿನ ಬಣ್ಣ ಅದ."

"ಅದೇ ಚೂರಿ ರೀ."

ಕಂಬಳಿ ಇಳಿಯಿತು, ಬಾರಿಹಣ್ಣು. ಏರಿತು, ಕುಂಬಳಹೂವು. ಅಣವೀರಪ್ಪ ತಾಯಿಯ ಭುಜದ ಹಿಂದೆ ಬಗ್ಗಿ ನೋಡಿದ. ಆಮೇಲೆ ಕಾಶಿರಾಯ ಕಂಬಳಿಯ ನೆರಳಿನಲ್ಲಿ ತಾನೇ ಕೂತು ಚಕ್ರ ಬಲಕ್ಕೆ ತಿರುಗಿಸಿದ, ಮುಕ್ಕಾಲು ಸುತ್ತು. ಹಳದಿ ಇಳಿದು, ಅಪ್ಪ ತೋರಿಸಿದ ಕೆಂಪು ಬಂತು. ಆ ಕೆಂಪಿನಲ್ಲಿ ಎಣ್ಣೆಗೆ ಬಿದ್ದ ಚೂರಿಯನ್ನು ವಹಾಬ ತೆಗೆದು, ಸಣ್ಣ ಭಟ್ಟಿಯಲ್ಲಿ ಮತ್ತೆ ನಸುಬಿಸಿ ಮಾಡಿ ಆರಿಸಿ, ಕಬ್ಬಿಣ ಕಚ್ಚಿಹಿಡಿಯುವ ಹಿಡಿಕಟ್ಟಿಗೆ ಸಿಕ್ಕಿಸಿ ಬಗ್ಗಿಸಿದ. ಅದು ಬಗ್ಗಿ, ಬಿಟ್ಟೊಡನೆ ನೇರ ನಿಂತಿತು. ಇನ್ನೊಂದನ್ನು ಬೇಕೆಂದೇ ಸುತ್ತಿಗೆಯಿಂದ ಹೊಡೆದು ಹೊಡೆದು ಮುರಿದರು. ಒಳಗೆ ನುಣ್ಣನೆಯ ಹಿಟ್ಟು.

ಅಣವೀರಪ್ಪ ಆ ತುಂಡನ್ನು ಬೆಳಕಿಗೆ ಹಿಡಿದು ನೋಡಿದ. "ನಾಳೆನೇ ಗಾಜು ತಗಸಿ ತಗಡು ಹೊದಿಸ್ತೀನಿ," ಎಂದ.

"ನಾನೇ ಕೆಡಿಸಿದಂಗಾತಲ್ಲಪಾ," ಎಂದರು ಶಿವಕಾಂತಮ್ಮನವರು ಮೆಲ್ಲಗೆ. ಮಜ್ಜಿಗೆಯ ಲೋಟ ಅವರ ಕೈಯಲ್ಲಿಯೇ ಇತ್ತು, ಯಾರಿಗೂ ಕೊಟ್ಟಿರಲಿಲ್ಲ.

ಕಾಶಿರಾಯ ದೇವೀಂದ್ರಪ್ಪನನ್ನು ನೋಡಿದ. ದೇವೀಂದ್ರಪ್ಪ ಮೇಲಿನ ಬಯಲನ್ನೊಮ್ಮೆ ನೋಡಿ, ತಲೆ ತಗ್ಗಿಸಿ, ಕಂಬಳಿಯನ್ನು ಮಡಚುತ್ತಿದ್ದ. ಮಡಚಿದ್ದನ್ನು ಬಿಚ್ಚಿ ಮತ್ತೆ ಮಡಚಿದ.

"ಬ್ಯಾಡ್ರಿ ಸಾವ್ಕಾರ್ರ," ಎಂದ ಕಾಶಿರಾಯ. "ಕತ್ತಲಿ ಬೇಕಾದ್ದು ನನ್ನೊಬ್ಬನಿಗೆ. ಇವರಿಗೆಲ್ಲ ಯಾಕ? ನಾಲ್ಕು ಬಿದಿರು ನೆಟ್ಟು, ಬಾಯಿ ಸುತ್ತ ಕಂಬಳಿ ಕಟ್ಟಿ ಕೊಡ್ರಿ. ನಾ ಒಳಗ ಕೂಡ್ತೀನಿ."

"ಬೆಂದು ಹೋಗ್ತಿ ಮಾರಾಯ," ಎಂದ ಅಣವೀರಪ್ಪ.

"ಸರಪಳಿ ಮ್ಯಾಲಿನ ಚೂರಿ ಬೇಯಂಗಿಲ್ಲೇನ್ರಿ?"

ವಹಾಬ ಮೊದಲು ನಕ್ಕ, ಆಮೇಲೆ ಎಲ್ಲರೂ. ಶಿವಕಾಂತಮ್ಮನವರು ಕೈಯಲ್ಲಿದ್ದ ಲೋಟವನ್ನು ಕಾಶಿರಾಯನಿಗೆ ಕೊಟ್ಟರು. ಸಂಜೆಯ ಹೊತ್ತಿಗೆ ಬ್ರಹ್ಮಪುರದಿಂದ ಮೂರು ಕಂಬಳಿ ಬಂದವು. ಒಂದು ತೀರಿಹೋದ ಹಿರಿಯ ಸಾವುಕಾರರದು, ಅಂಚಿಗೆ ಕೆಂಪು ದಾರದ ಹೊಲಿಗೆ ಇತ್ತು. ನಾಲ್ಕನೆಯದು ದೇವೀಂದ್ರಪ್ಪ ಕೊಟ್ಟದ್ದು.

ಸೋಮವಾರ ಬೆಳಗ್ಗೆ ಟಾಂಗಾ ಬಂತು. ಅಣವೀರಪ್ಪ ಅದಕ್ಕೆ ಹೊಸ ಚೂರಿಗಳ ಪೆಟ್ಟಿಗೆ ಹೇರಿಸಿ ಗಿರಣಿಗೆ ಕಳಿಸಿದ. ಕಂಬಳಿಯ ಗೂಡಿನೊಳಗೆ ಬಗ್ಗಿ, "ದವಾಖಾನಿ ಮಾತು ನಾ ಆಡಿಲ್ಲ, ನೀ ಕೇಳಿಲ್ಲ," ಎಂದು ಹೇಳಿ ಹೋದ.

ಗೂಡಿನೊಳಗೆ ಉಸಿರಿಗೂ ಜಾಗವಿರಲಿಲ್ಲ. ಬೆವರು ರೆಪ್ಪೆಗಿಳಿದು ಕಣ್ಣು ಉರಿಯುತ್ತಿತ್ತು. ಚೂರಿಗಳು ಒಂದರ ಹಿಂದೆ ಒಂದು ಬರುತ್ತಲೇ ಇದ್ದವು. ಗಿರಣಿಯಿಂದ ಇನ್ನೂ ಸುದ್ದಿ ಬಂದಿರಲಿಲ್ಲ. ಟಾಂಗಾದ ಗಾಲಿಯ ಸದ್ದಾದಾಗಲೆಲ್ಲ ಕಾಶಿರಾಯನ ಕಿವಿ ಹೊರಗೆ ಹೋಗಿ ಬರುತ್ತಿತ್ತು. ಕೆಂಪಿನ ಮೇಲೆ ಊರಿದ ಕಣ್ಣು ಮಾತ್ರ ಕದಲಲಿಲ್ಲ.

ಮಧ್ಯಾಹ್ನ ದಾಟಿದ ಮೇಲೆ ಹೊರಗೆ ವಹಾಬನ ದನಿ ಕೇಳಿತು. ನಿದ್ದೆಗೆಟ್ಟು ಗಿರಣಿಯ ತನಕ ನಡೆದು ಹೋಗಿ ಬಂದಿದ್ದ. "ಕಾಕಾ! ಮೂರು ತಾಸಿನಿಂದ ತಿರಗಾಕತ್ತದ. ಒಂದೂ ಮುರದಿಲ್ಲ!"

ಕಾಶಿರಾಯ ತೋಳಿನಿಂದ ಹಣೆಯ ಬೆವರು ಒರೆಸಿಕೊಂಡ. ಅಷ್ಟರಲ್ಲಿ ಕಂಬಳಿಯ ಹೊರಮೈಗೆ ಯಾರೋ ತಂಬಿಗೆಯಿಂದ ನೀರು ಚಿಮುಕಿಸಿದ ಸದ್ದಾಯಿತು. ಒದ್ದೆ ಉಣ್ಣೆಯ ವಾಸನೆಯೊಂದಿಗೆ ಒಂದಿಷ್ಟು ತಂಪು ಒಳಗೆ ಬಂತು. ನಡುನಡುವೆ ಬೆಳಗ್ಗೆಯಿಂದಲೂ ಹೀಗೆ ಆಗುತ್ತಿತ್ತೆಂದು ಅವನಿಗೆ ಈಗ ಹೊಳೆಯಿತು.

"ಯಾರದು?" ಎಂದ.

"ಯಾರೂ ಇಲ್ರಿ," ಎಂದಿತು ದೇವೀಂದ್ರಪ್ಪನ ದನಿ.

ಕೆಂಪು ಒಂದು ಎಳೆಯಷ್ಟು ಏರಿತ್ತು. ಕಾಶಿರಾಯ ಚಕ್ರವನ್ನು ಬಲಕ್ಕೆ ಕಾಲು ಸುತ್ತು ತಿರುಗಿಸಿದ.